ಚಿನ್ನುಗೆ ಕೊಟ್ಟ ಬೆಳ್ಳುಳ್ಳಿ: ಉಣ್ಣೆ ಜ್ವರದ ಹಿಂದೆ ಅಡಗಿದ್ದ ಇನ್ನೊಂದು ಕಾಯಿಲೆ

ಚಿನ್ನುಗೆ ಆರು ವರ್ಷ, ಹೆಣ್ಣು ನಾಯಿ, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ತೂಕ 8.4 ಕೆಜಿ. ನಮ್ ಕಡೆ ಎಲ್ರೂ ಪಾಮೇರಿಯನ್ ಅಂತ್ಲೇ ಕರೆಯೋ ಬಿಳಿ ಕೂದಲಿನ ಜಾತಿ, ನಿಜವಾಗಿ ಅದು ಇಂಡಿಯನ್ ಸ್ಪಿಟ್ಜ್. ತುಮಕೂರಲ್ಲಿ ನಮ್ಮನೆ, ಹಿಂದುಗಡೆ ಒಂದು ಖಾಲಿ ಸೈಟಿದೆ, ಬೇಸಿಗೆ ಬಂತಂದ್ರೆ ಅಲ್ಲಿಂದ ಬೀದಿನಾಯಿಗಳು, ನಾಯಿಗಳ ಜೊತೆ ಉಣ್ಣೆ. ಹೋದ ವರ್ಷ ಮೇ ತಿಂಗಳಲ್ಲಿ ಆಗಿದ್ದನ್ನ ಮೊದಲಿಂದ ಕೊನೆವರೆಗೂ ಬರೀತಿದೀನಿ, ರಿಪೋರ್ಟ್‌ಗಳೆಲ್ಲ ಫೈಲಲ್ಲಿ ಇಟ್ಕೊಂಡಿದ್ದೆ ಹಾಗಾಗಿ ನಂಬರ್‌ಗಳು ನೆನಪಿಂದ ಬರೆದಿದ್ದಲ್ಲ.

ಮೇ ಮಧ್ಯದಲ್ಲಿ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ದಿನಾ ನಾಲ್ಕೈದು ಉಣ್ಣೆ ಸಿಗ್ತಿತ್ತು. ಹಿಂದಿನ ವರ್ಷ ಕತ್ತಿನ ಮೇಲೆ ಹಾಕೋ ಡ್ರಾಪ್ಸ್ ಹಾಕಿದ್ವಿ, ಈ ಸಲ ಹಾಕಿಸಿರ್ಲಿಲ್ಲ, ಅದು ನನ್ನ ತಪ್ಪು. ನಮ್ಮತ್ತೆಗೆ ಇದು ನೋಡಕ್ಕಾಗ್ಲಿಲ್ಲ. ಅವರು ತಿಪಟೂರು ಕಡೆ ಹಳ್ಳಿಯವರು, ಮದುವೆಯಾಗಿ ಬಂದ ಮೇಲೂ ಮೂವತ್ತು ವರ್ಷ ಹಸು ಕಟ್ಟಿದವರು. ಬೆಳ್ಳುಳ್ಳಿ ತಿಂದ್ರೆ ಬೆವರಲ್ಲಿ ವಾಸನೆ ಬರುತ್ತೆ, ಆ ವಾಸನೆಗೆ ಉಣ್ಣೆ ಹತ್ರ ಬರಲ್ಲ ಅಂತ ಅವರಿಗೆ ಯಾರೋ ಹೇಳಿದ್ರು. ದಿನಾ ಒಂದು ಗಡ್ಡೆ ನಾಟಿ ಬೆಳ್ಳುಳ್ಳಿ ಸುಲಿದು, ಬಾಣಂತಿಗೆ ಹುರೀತಾರಲ್ಲ ಹಾಗೆ ತುಪ್ಪದಲ್ಲಿ ಕೆಂಪಗೆ ಹುರಿದು, ಅರ್ಧ ಬೆಳಗ್ಗೆ ಅರ್ಧ ರಾತ್ರಿ ಮೊಸರನ್ನಕ್ಕೆ ಕಿವುಚಿ ಹಾಕ್ತಿದ್ರು, ಮೇಲೊಂದು ಚಿಟಿಕೆ ಅರಿಶಿನ. ಚಿನ್ನು ತುಪ್ಪದ ಘಮಕ್ಕೆ ತಟ್ಟೆ ನೆಕ್ಕಿ ಬಿಡ್ತಿತ್ತು. ನಾನು ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದ್ರೆ ಸಂಜೆ ಏಳಕ್ಕೆ ಬರೋದು, ನನಗೂ ಗೊತ್ತಿತ್ತು ಬೆಳ್ಳುಳ್ಳಿ ಹಾಕ್ತಾರೆ ಅಂತ, ಎಷ್ಟು ಅಂತ ಗೊತ್ತಿರ್ಲಿಲ್ಲ, ಕೇಳ್ಬೇಕು ಅಂತ ಹೊಳೀಲೂ ಇಲ್ಲ.

ಜೂನ್ 2ನೇ ತಾರೀಕು ಬೆಳಗ್ಗೆ ಚಿನ್ನು ಗೇಟ್ ಹತ್ರ ಬರ್ಲಿಲ್ಲ. ಮೂಗಿಂದ ಒಂದೆರಡು ಹನಿ ರಕ್ತ ಬಂದಿತ್ತು, ತುಟಿ ಎತ್ತಿ ನೋಡಿದ್ರೆ ವಸಡು ಬಿಳಿಚ್ಕೊಂಡಿತ್ತು. ಡಾಕ್ಟ್ರ ಹತ್ರ ಓಡಿದ್ವಿ. ಜ್ವರ 104.4 ಡಿಗ್ರಿ ಇತ್ತು, ನಾಯಿಗೆ ನೂರೊಂದರಿಂದ ನೂರೆರಡೂವರೆ ಮಾಮೂಲಿ. ರಕ್ತದಲ್ಲಿ ಪ್ಲೇಟ್ಲೆಟ್ 48 ಸಾವಿರ, ಇರಬೇಕಾದ್ದು ಎರಡು ಲಕ್ಷದ ಮೇಲೆ. ಕೆಂಪು ರಕ್ತಕಣ ಎಷ್ಟು ಭಾಗ ಇದೆ ಅಂತ ಹೇಳೋ ಪಿಸಿವಿ 23, ನಾಯಿಗೆ ಕಮ್ಮಿ ಅಂದ್ರೂ 37 ಇರ್ಬೇಕು. ಅಲ್ಲೇ ಒಂದು ಕಿಟ್‌ನಲ್ಲಿ ನೋಡಿದ್ರು, ಎರ್ಲಿಕಿಯಾ ಪಾಸಿಟಿವ್. ಕಂದು ಬಣ್ಣದ ನಾಯಿ ಉಣ್ಣೆ ಕಚ್ಚಿದಾಗ ಬರೋ ಜ್ವರ, ನಮ್ಮ ಕಡೆ ಟಿಕ್ ಫೀವರ್ ಅಂತಾರಲ್ಲ ಅದೇ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಒಂದು ದಿನಾನೂ ತಪ್ಪಿಸ್ಬೇಡಿ ಅಂತ ಬರೆದುಕೊಟ್ರು. ಬರೀತಾ ಬರೀತಾ ಕೇಳಿದ್ರು, “ಬೇರೆ ಏನಾದ್ರೂ ಮೆಡಿಸಿನ್ ಕೊಡ್ತಾ ಇದೀರಾ?”

“ಏನೂ ಇಲ್ಲ ಸಾರ್” ಅಂದೆ.

ನಾನು ಸುಳ್ಳು ಹೇಳ್ಲಿಲ್ಲ. ಮುಚ್ಚಿಡಬೇಕು ಅಂತಾನೂ ಇರ್ಲಿಲ್ಲ. ಬೆಳ್ಳುಳ್ಳಿ ಅಡುಗೆಮನೆಯಲ್ಲಿ ಇರೋದು, ಅರಿಶಿನ ಅಡುಗೆಮನೆಯಲ್ಲಿ ಇರೋದು, ನನ್ನ ತಲೆಯಲ್ಲಿ ಅದು ಮೆಡಿಸಿನ್ ಅನ್ನೋ ಖಾನೆಯಲ್ಲೇ ಇರ್ಲಿಲ್ಲ. ಈ ಕೇಸಲ್ಲಿ ಆಗಿದ್ದಕ್ಕೆಲ್ಲ ಬುಡ ಈ ಒಂದು ಉತ್ತರ ಅಂತ ನನಗೆ ಈಗ ಅನ್ಸುತ್ತೆ.

ಮನೆಗೆ ಬಂದ್ಮೇಲೆ ಎಲ್ರೂ ಸೇರಿ ಶುರು ಮಾಡಿದ್ವಿ. ಪ್ಲೇಟ್ಲೆಟ್ ಕಮ್ಮಿ ಅಂದ ತಕ್ಷಣ ಡೆಂಗ್ಯೂ ನೆನಪಾಗುತ್ತೆ, ಡೆಂಗ್ಯೂ ಅಂದ್ರೆ ಪರಂಗಿ ಎಲೆ. ನಮ್ಮನೆಯವರು ಎಲೆ ತಂದ್ರು, ಮಿಕ್ಸಿಗೆ ಹಾಕಿ ಹಿಂಡಿ ಸಿರಿಂಜಲ್ಲಿ ದಿನಕ್ಕೆ ಎರಡು ಸಲ ಬಾಯಿಗೆ ಬಿಡೋದು. ಅದು ಎಷ್ಟು ಕಹಿ ಅಂತ ನಾಲಿಗೆಗೆ ಹಚ್ಚಿ ನೋಡಿದವರಿಗೇ ಗೊತ್ತು, ಚಿನ್ನು ನೊರೆ ನೊರೆ ಸುರಿಸಿ ಒದ್ದಾಡಿ ಅರ್ಧ ಉಗುಳ್ತಿತ್ತು. ಮಾತ್ರೆನ ಹಾಲಲ್ಲಿ ಕರಗಿಸಿ ಕೊಡ್ತಿದ್ವಿ, ಸುಲಭ ಆಗ್ಲಿ ಅಂತ. ಮನೆಯಲ್ಲಿ ಇದ್ದ ಮನುಷ್ಯರ ಗಿಡಮೂಲಿಕೆ ಲಿವರ್ ಟಾನಿಕ್ ಕೂಡ ಒಂದು ಚಮಚ. ಬೆಳ್ಳುಳ್ಳಿ ಅನ್ನ ನಿಂತಿರ್ಲಿಲ್ಲ, ಅದಕ್ಕೆ ಹುಷಾರಿಲ್ಲ ಪಾಪ ಅಂತ ಅತ್ತೆ ತುಪ್ಪ ಇನ್ನೊಂಚೂರು ಜಾಸ್ತಿ ಹಾಕ್ತಿದ್ರು. ಎರಡು ಸಲ ಪರಂಗಿ ರಸ ಕುಡಿದ ಕೂಡ್ಲೇ ವಾಂತಿ ಮಾಡ್ತು, ಸ್ವಲ್ಪ ಹೊತ್ತಿಗೆ ಮುಂಚೆ ಕೊಟ್ಟ ಮಾತ್ರೆನೂ ಅದ್ರಲ್ಲೇ ಹೋಯ್ತು.

ಮೂರನೇ ದಿನಕ್ಕೆ ಜ್ವರ ಬಿಡ್ತು. ಆರನೇ ದಿನ ಮತ್ತೆ ರಕ್ತ ನೋಡಿದ್ರೆ ಪ್ಲೇಟ್ಲೆಟ್ 1.12 ಲಕ್ಷಕ್ಕೆ ಏರಿತ್ತು. ನಮ್ಮನೆಯವರು ಪರಂಗಿ ಎಲೆ ಕೆಲಸ ಮಾಡ್ತು ಅಂತ ನನ್ ಕಡೆ ತಿರುಗಿ ನಕ್ರು. ಡಾಕ್ಟ್ರು ನಗ್ಲಿಲ್ಲ. ಪಿಸಿವಿ 23 ಇದ್ದಿದ್ದು 16ಕ್ಕೆ ಇಳಿದಿತ್ತು. ಜ್ವರ ಇಳೀತಿದೆ, ಪ್ಲೇಟ್ಲೆಟ್ ಏರ್ತಿದೆ, ಅಂದ್ರೆ ಔಷಧಿ ಹಿಡಿದಿದೆ, ಆದ್ರೆ ಕೆಂಪು ರಕ್ತಕಣ ಮಾತ್ರ ಕರಗ್ತಾನೇ ಇದೆ. ಉಚ್ಚೆ ಹೇಗಿದೆ ಅಂತ ಕೇಳಿದ್ರು, ಡಿಕಾಕ್ಷನ್ ಥರ ಕಂದು ಅಂದೆ, ಎರಡು ದಿನದಿಂದ ಹಾಗೇ ಇತ್ತು, ನಾನು ಮಾತ್ರೆ ಬಣ್ಣ ಅಂದ್ಕೊಂಡಿದ್ದೆ.

ಇಲ್ಲಿಂದ ಡಾಕ್ಟ್ರು ಹೇಗೆ ಯೋಚನೆ ಮಾಡಿದ್ರು ಅನ್ನೋದನ್ನ ಆಮೇಲೆ ಅವರೇ ಕೂತು ವಿವರಿಸಿದ್ರು, ಅದಕ್ಕೆ ನಾನು ಯಾವತ್ತೂ ಋಣಿ. ಎರ್ಲಿಕಿಯಾದಲ್ಲೂ ರಕ್ತ ಕಮ್ಮಿ ಆಗುತ್ತೆ, ಆದ್ರೆ ಸಾಮಾನ್ಯವಾಗಿ ನಿಧಾನಕ್ಕೆ, ಹೀಗೆ ಕಂದು ಉಚ್ಚೆ ಬರೋ ಥರ ಕಣಗಳು ಒಳಗೇ ಒಡೆಯೋದು ಅದರ ಲಕ್ಷಣ ಅಲ್ಲ. ಹಾಗಾದ್ರೆ ಒಂದೋ ಅದೇ ಉಣ್ಣೆ ಇನ್ನೊಂದು ರೋಗಾಣುನೂ ಬಿಟ್ಟಿರಬೇಕು, ಬೆಬೀಸಿಯಾ, ಅದು ಕೆಂಪು ಕಣದೊಳಗೇ ಕೂತು ಒಡೆಯುತ್ತೆ. ಇಲ್ಲಾಂದ್ರೆ ಚಿನ್ನುವಿನ ದೇಹವೇ ತನ್ನ ರಕ್ತಕಣದ ಮೇಲೆ ತಿರುಗಿಬಿದ್ದಿರಬೇಕು, ಅದಕ್ಕೆ ಸ್ಟೀರಾಯ್ಡ್ ಜಾಸ್ತಿ ಡೋಸಲ್ಲಿ ತಿಂಗಳುಗಟ್ಟಲೆ ಕೊಡ್ಬೇಕಾಗುತ್ತೆ. ಬೆಬೀಸಿಯಾ ಇದೆಯಾ ಅಂತ ನೋಡೋಕೆ ಪಿಸಿಆರ್ ಟೆಸ್ಟ್‌ಗೆ ಬೆಂಗಳೂರಿಗೆ ರಕ್ತ ಕಳಿಸಿದ್ರು. ಸ್ಟೀರಾಯ್ಡ್ ಇಂಜೆಕ್ಷನ್ ಟ್ರೇಯಲ್ಲಿ ಬಂದು ಕೂತಿತ್ತು, ನಾನೇ ನೋಡಿದೀನಿ. ಅದಕ್ಕೆ ಮುಂಚೆ ಒಂದು ಹನಿ ರಕ್ತನ ಸಲೈನ್ ಜೊತೆ ಗಾಜಿನ ಸ್ಲೈಡ್ ಮೇಲೆ ಬೆರೆಸಿ ನೋಡಿದ್ರು, ದೇಹ ತಿರುಗಿಬಿದ್ದಿದ್ರೆ ಎಷ್ಟೋ ಸಲ ಕಣಗಳು ಅಂಟ್ಕೊಂಡು ಗಂಟು ಗಂಟಾಗುತ್ತಂತೆ, ಆಗ್ಲಿಲ್ಲ. ಆಮೇಲೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ತಲೆ ಎತ್ತಿ ಕೇಳಿದ್ರು, ಈ ಸಲ ಪ್ರಶ್ನೆನೇ ಬೇರೆ.

“ಮೆಡಿಸಿನ್ ಬಿಡಿ. ನಿನ್ನೆ ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೂ ಇದರ ಬಾಯೊಳಗೆ ಏನೇನು ಹೋಯ್ತು, ಒಂದೊಂದೂ ಹೇಳಿ.”

ನಾನು ತಡವರಿಸಿದೆ, ಅತ್ತೆ ಪಕ್ಕದಲ್ಲೇ ಬೆಂಚ್ ಮೇಲೆ ಕೂತಿದ್ರು. ಅವರೇ ಶುರು ಮಾಡಿದ್ರು, ಮೊಸರನ್ನ, ತುಪ್ಪ, ಬೆಳ್ಳುಳ್ಳಿ, ಅರಿಶಿನ, ಮಧ್ಯಾಹ್ನ ಸಾರನ್ನ.

“ಬೆಳ್ಳುಳ್ಳಿ ಎಷ್ಟಮ್ಮ?”

“ಒಂದು ಗಡ್ಡೆ ಅಷ್ಟೆ ಸ್ವಾಮಿ, ಹಸೀದು ಕೊಡಲ್ಲ, ಹುರಿದು ಕೊಡ್ತೀನಿ.”

“ಸಾರಲ್ಲಿ ಈರುಳ್ಳಿ ಇರುತ್ತಾ?”

“ಈರುಳ್ಳಿ ಇಲ್ದೆ ಸಾರು ಹೆಂಗೆ?”

ಡಾಕ್ಟ್ರು ಬೈಯ್ಲಿಲ್ಲ. ಟ್ರೇನ ಪಕ್ಕಕ್ಕಿಟ್ರು. ಸ್ಲೈಡಲ್ಲಿ ಕೆಂಪು ಕಣಗಳ ಅಂಚಿಗೆ ಗುಳ್ಳೆ ಥರ ಚಿಕ್ಕ ಚಿಕ್ಕ ಚುಕ್ಕೆ ಕಾಣ್ತಿತ್ತು, ಹೈನ್ಜ್ ಬಾಡಿ ಅಂತಾರೆ, ನನ್ನನ್ನೂ ಕರೆದು ತೋರಿಸಿದ್ರು. ಈರುಳ್ಳಿ ಬೆಳ್ಳುಳ್ಳಿ ಜಾತಿಯಲ್ಲಿ ಇರೋ ಗಂಧಕದ ಅಂಶಗಳು ಹೊಟ್ಟೆಗೆ ಹೋದ್ಮೇಲೆ ಕೆಂಪು ಕಣದ ಹಿಮೋಗ್ಲೋಬಿನ್‌ನ ಕೆಡಿಸ್ತವೆ, ಕೆಟ್ಟ ಹಿಮೋಗ್ಲೋಬಿನ್ ಮುದ್ದೆಯಾಗಿ ಕಣದ ಗೋಡೆಗೆ ಅಂಟ್ಕೊಳ್ಳುತ್ತೆ, ಅಂಥ ಕಣನ ಗುಲ್ಮ, ಅಂದ್ರೆ ಸ್ಪ್ಲೀನ್, ಹಿಡಿದು ನಾಶ ಮಾಡುತ್ತೆ ಅಥವಾ ರಕ್ತನಾಳದಲ್ಲೇ ಅದು ಒಡೆದುಹೋಗುತ್ತೆ. ಒಡೆದ ಹಿಮೋಗ್ಲೋಬಿನ್ ಉಚ್ಚೆಗೆ ಬಂದಾಗ ಆ ಡಿಕಾಕ್ಷನ್ ಬಣ್ಣ. ಈ ಥರ ಹಾನಿಗೆ ಸಿಗೋ ಜಾಗಗಳು ಮನುಷ್ಯರ ಹಿಮೋಗ್ಲೋಬಿನ್‌ನಲ್ಲಿ 2 ಇದ್ರೆ ನಾಯಿಗೆ 4, ಬೆಕ್ಕಿಗೆ 8. ಅದಕ್ಕೇ ನಾವು ದಿನಾ ತಿಂದು ಚೆನ್ನಾಗಿರೋದು ಅವುಕ್ಕೆ ಆಗಿಬರಲ್ಲ. ಹುರಿದ್ರೂ ಬೇಯಿಸಿದ್ರೂ ಒಣಗಿಸಿ ಪುಡಿ ಮಾಡಿದ್ರೂ ಆ ಗುಣ ಹೋಗಲ್ಲ, ಅತ್ತೆಗೆ ಇದು ತುಂಬಾ ಬೇಜಾರಾಯ್ತು, ಹುರಿದ್ರೆ ತಂಪಾಗುತ್ತೆ ಅಂತ ಅವರು ನಂಬಿದ್ರು. ಇನ್ನೊಂದು ವಿಷಯ, ತಿಂದ ದಿನವೇ ಏನೂ ಕಾಣಿಸಲ್ಲ. ಕಣಗಳು ಒಡೆದು ಸುಸ್ತು ಕಾಣೋಕೆ ಕೆಲವು ದಿನ ಬೇಕು, ಹಾಗಾಗಿ ತಿಂದಿದ್ದಕ್ಕೂ ಸುಸ್ತಿಗೂ ಯಾರೂ ಗಂಟು ಹಾಕಲ್ಲ.

ಮನೆಗೆ ಬಂದು ಅಡುಗೆ ತಕ್ಕಡಿಯಲ್ಲಿ ಒಂದು ಗಡ್ಡೆ ಇಟ್ಟು ನೋಡಿದೆ, ಸಿಪ್ಪೆ ತೆಗೆದು 22 ಗ್ರಾಂ. 8.4 ಕೆಜಿ ನಾಯಿಗೆ ಅಂದ್ರೆ ಕೆಜಿಗೆ ಎರಡೂವರೆ ಗ್ರಾಂ ಮೇಲೆ, ಪ್ರತಿ ದಿನ, ಮೂರು ವಾರ. ಜಪಾನಿನ ಹೊಕ್ಕಾಯ್ಡೊದಲ್ಲಿ ಮಾಡಿ 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಯಿಗಳಿಗೆ ಕೆಜಿಗೆ 5 ಗ್ರಾಂ ಬೆಳ್ಳುಳ್ಳಿಯ ಸಾರ 7 ದಿನ ಕೊಟ್ಟಿದ್ರು, ರಕ್ತಕಣದಲ್ಲಿ ಇದೇ ಥರದ ಹಾನಿ ಕಂಡಿತ್ತು, ಆದ್ರೆ ಆ ನಾಯಿಗಳು ಚಿನ್ನು ಥರ ಕುಸೀಲಿಲ್ಲ. ಅವುಕ್ಕೆ ಉಣ್ಣೆ ಜ್ವರ ಇರ್ಲಿಲ್ಲ, ಮೂರು ವಾರ ತಿನ್ಲಿಲ್ಲ, ಜೊತೆಗೆ ಸಾರಿನ ಈರುಳ್ಳಿನೂ ಇರ್ಲಿಲ್ಲ. ನಮ್ಮ ಚಿನ್ನುಗೆ ಎಲ್ಲವೂ ಒಟ್ಟಿಗೆ ಬಂತು. ಒಂದೆರಡು ಎಸಳು ಒಂದಿನ ತಿಂದ ನಾಯಿ ಸಾಯುತ್ತೆ ಅಂತ ಯಾರನ್ನೂ ಹೆದರಿಸೋಕೆ ನನಗೆ ಇಷ್ಟ ಇಲ್ಲ, ಪ್ರಮಾಣ ಮುಖ್ಯ, ನಾಯಿಯ ತೂಕ ಮುಖ್ಯ, ಎಷ್ಟು ದಿನ ಅನ್ನೋದು ಇನ್ನೂ ಮುಖ್ಯ.

ಇದಕ್ಕೆ ಪ್ರತಿವಿಷ ಅಂತ ಇಲ್ಲ. ತಿನ್ನೋದು ನಿಲ್ಲಿಸಬೇಕು, ಹೊಸ ಕಣ ಹುಟ್ಟೋವರೆಗೂ ಜೀವ ಹಿಡಿದಿಡಬೇಕು. ಚಿನ್ನು ಎದ್ದು ನಿಂತ್ರೆ ಏದುಸಿರು ಬಿಡ್ತಿದ್ದರಿಂದ ಅವತ್ತೇ ರಕ್ತ ಹಾಕ್ಬೇಕು ಅಂದ್ರು. ನಮ್ಮನೆಯವರ ಜೊತೆ ಕೆಲಸ ಮಾಡೋರ ಮನೇಲಿ 32 ಕೆಜಿ ಲ್ಯಾಬ್ರಡಾರ್ ಇತ್ತು, ಫೋನ್ ಮಾಡಿದ ಒಂದು ಗಂಟೆಗೆ ಕಾರಲ್ಲಿ ಕೂರಿಸ್ಕೊಂಡು ಬಂದ್ರು. ಅದಕ್ಕೂ ರಕ್ತ ಪರೀಕ್ಷೆ ಮಾಡಿ, ಎರಡರ ರಕ್ತ ಹೊಂದುತ್ತಾ ಅಂತ ನೋಡಿ, 150 ಮಿಲಿ ನಿಧಾನಕ್ಕೆ ನಾಲ್ಕು ಗಂಟೆ ಹಾಕಿದ್ರು. ಅತ್ತೆ ಆ ನಾಲ್ಕು ಗಂಟೆನೂ ಟೇಬಲ್ ಪಕ್ಕ ನಿಂತೇ ಇದ್ರು, ಕುರ್ಚಿ ಕೊಟ್ರೂ ಕೂರ್ಲಿಲ್ಲ. ಮಾರನೇ ದಿನ ಪಿಸಿವಿ 24. ನಾಲ್ಕು ದಿನಕ್ಕೆ ಬೆಂಗಳೂರಿಂದ ರಿಪೋರ್ಟ್ ಬಂತು, ಬೆಬೀಸಿಯಾ ನೆಗೆಟಿವ್.

ಸ್ಟೀರಾಯ್ಡ್ ಶುರುವಾಗಿದ್ರೆ ಏನಾಗ್ತಿತ್ತು? ಇಲ್ಲದ ಕಾಯಿಲೆಗೆ ತಿಂಗಳುಗಟ್ಟಲೆ ಔಷಧಿ, ಮೈಯಲ್ಲಿ ಇನ್ನೂ ರೋಗಾಣು ಇರೋವಾಗ ರೋಗನಿರೋಧಕ ಶಕ್ತಿ ಕುಗ್ಗಿಸೋದು, ಅದರ ಜೊತೆ ಮನೇಲಿ ದಿನಾ ಬೆಳ್ಳುಳ್ಳಿ ಹೋಗ್ತಾನೇ ಇರ್ತಿತ್ತು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ.

ಪರಂಗಿ ಎಲೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮ ಪೈಕಿ ಎಲ್ರೂ ಮೊದಲು ಕೇಳೋದು ಅದನ್ನೇ. ಅದರಿಂದ ಪ್ಲೇಟ್ಲೆಟ್ ಏರ್ತಾ? ನಮ್ಮ ಕೇಸಿಂದ ಹೇಳೋಕಾಗಲ್ಲ. ಡಾಕ್ಸಿಸೈಕ್ಲಿನ್ ಹಿಡಿದ್ರೆ ಒಂದೆರಡು ದಿನದಲ್ಲಿ ಜ್ವರ ಬಿಟ್ಟು ಆಮೇಲೆ ಪ್ಲೇಟ್ಲೆಟ್ ಏರೋಕೆ ಶುರುವಾಗೋದು ಈ ಕಾಯಿಲೆಯಲ್ಲಿ ಮಾಮೂಲಿ ದಾರಿ, ಚಿನ್ನು ಅದೇ ದಾರಿಯಲ್ಲಿ ಹೋಯ್ತು. ಎಲೆ ಏನು ಮಾಡ್ತೋ ಗೊತ್ತಿಲ್ಲದಿದ್ರೂ ಎರಡು ಸಲ ಮಾತ್ರೆನ ವಾಂತಿ ಮಾಡಿಸಿದ್ದು ಕಣ್ಣಾರೆ ಕಂಡಿದೀವಿ. ಒದ್ದಾಡೋ ನಾಯಿಗೆ ಸಿರಿಂಜಲ್ಲಿ ರಸ ಬಿಟ್ರೆ ಶ್ವಾಸಕೋಶಕ್ಕೆ ಇಳಿಯೋ ಅಪಾಯ ಬೇರೆ. ಡಾಕ್ಟ್ರು ನಿಲ್ಸಿ ಅಂದ್ರು, ನಿಲ್ಸಿದ್ವಿ, ಪ್ಲೇಟ್ಲೆಟ್ ಆಮೇಲೂ ಏರ್ತಾನೇ ಹೋಯ್ತು.

ಹಾಲೂ ಬೇಡ ಅಂದ್ರು, ಹಾಲಿನ ಕ್ಯಾಲ್ಶಿಯಂ ಡಾಕ್ಸಿಸೈಕ್ಲಿನ್‌ನ ಹಿಡ್ಕೊಂಡು ರಕ್ತಕ್ಕೆ ಹೋಗೋದು ಕಮ್ಮಿ ಮಾಡುತ್ತೆ. ಕಬ್ಬಿಣ ಅದಕ್ಕಿಂತ ಜಾಸ್ತಿ ಹಿಡ್ಕೊಳ್ಳುತ್ತೆ. ನಾವು ಕೊಟ್ಟಿದ್ದ ಲಿವರ್ ಟಾನಿಕ್ ಬಾಟಲಿ ತಿರುಗಿಸಿ ಓದಿದ್ರೆ ಅದರಲ್ಲಿ ಮಂಡೂರ ಭಸ್ಮ ಇತ್ತು, ಮಂಡೂರ ಅಂದ್ರೆ ಕಬ್ಬಿಣದ ಕಿಟ್ಟ ಸುಟ್ಟು ಮಾಡಿದ್ದು. ಗಿಡಮೂಲಿಕೆ ಅಂತ ಮುಂದೆ ಬರೆದಿದ್ರೂ ಹಿಂದೆ ಲೋಹ ಇರ್ಬಹುದು, ಓದಿದ್ರೆ ತಾನೇ ಗೊತ್ತಾಗೋದು. ರಕ್ತ ಕಮ್ಮಿ ಆಗಿದೆ ಅಂದ್ರೆ ಕಬ್ಬಿಣ ಕೊಡ್ಬೇಕು ಅಂತ ನಮಗೆಲ್ಲ ಬಾಯಿಪಾಠ, ಆದ್ರೆ ಇಲ್ಲಿ ಕಣ ಒಡೆದು ಅದರ ಕಬ್ಬಿಣ ಹೆಚ್ಚುಕಮ್ಮಿ ಮೈಯೊಳಗೇ ಉಳಿದಿತ್ತು, ಹೊರಗಿಂದ ಕೊಡೋ ಅಗತ್ಯನೇ ಇರ್ಲಿಲ್ಲ. ಪಕ್ಕದ ಮನೆ ಆಂಟಿ ಶಕ್ತಿ ಬರ್ಲಿ ಅಂತ ದ್ರಾಕ್ಷಾರಿಷ್ಟದ ಬಾಟಲಿ ತಂದುಕೊಟ್ಟಿದ್ರು, ಪುಣ್ಯಕ್ಕೆ ಅದನ್ನ ಇನ್ನೂ ತೆರೆದಿರ್ಲಿಲ್ಲ. ಒಣದ್ರಾಕ್ಷಿ ಹಾಕಿ ಹುಳಿಸಿ ಮಾಡೋದು, ಆ ಹುಳಿಯುವಿಕೆಯಲ್ಲೇ ಮದ್ಯಸಾರ ಹುಟ್ಟುತ್ತೆ. ದ್ರಾಕ್ಷಿ ನಾಯಿಯ ಕಿಡ್ನಿಗೆ ಕೇಡು, ಮದ್ಯಸಾರ ಹೇಳೋದೇ ಬೇಡ. ಮನುಷ್ಯರ ಕೆಲವು ಶುಗರ್ ಫ್ರೀ ಸಿರಪ್‌ಗಳಲ್ಲಿ ಸಕ್ಕರೆ ಬದಲು ಕ್ಸೈಲಿಟಾಲ್ ಅನ್ನೋ ಸಿಹಿ ಅಂಶ ಇರುತ್ತೆ, ಅದು ನಾಯಿಗೆ ಹೋದ್ರೆ ರಕ್ತದ ಸಕ್ಕರೆ ದಿಢೀರ್ ಅಂತ ಬಿದ್ದುಹೋಗುತ್ತೆ ಅಂತಾನೂ ಅವತ್ತೇ ಹೇಳಿದ್ರು.

ಆಮೇಲೆ ಅವರು ಕೇಳಿದ್ದು, “ಮನೇಲಿ ಬೆಕ್ಕಿದೆಯಾ?” ಇದೆ, ಮುತ್ತು, ಮೂರು ವರ್ಷದ್ದು. ಬೆಳ್ಳುಳ್ಳಿ ಅನ್ನ ಅದು ಮೂಸಿ ನೋಡಿ ಹೊರಟುಹೋಗ್ತಿತ್ತು, ಅದೊಂದು ನಮ್ಮ ಅದೃಷ್ಟ. ಆದ್ರೆ ಚಿನ್ನು ಮೈಗೆ ಬೇವಿನ ಎಣ್ಣೆಗೆ ಕರ್ಪೂರ ಕರಗಿಸಿ ಹಚ್ಚಿದ ದಿನ ಮುತ್ತು ಅದರ ಪಕ್ಕ ಮಲಗಿ ಅದರ ಬೆನ್ನು ನೆಕ್ಕಿತ್ತು, ಸಂಜೆವರೆಗೂ ಜೊಲ್ಲು ಸುರಿಸಿತ್ತು. ನಾವು ಹಲ್ಲಿ ಹಿಡಿದಿರಬೇಕು ಅಂದ್ಕೊಂಡ್ವಿ. ಬೆಕ್ಕಿನ ಲಿವರ್‌ಗೆ ಎಷ್ಟೋ ವಸ್ತುಗಳನ್ನ ಕಟ್ಟಿ ಹೊರಗೆ ಹಾಕೋ ಒಂದು ಕಿಣ್ವ ಹುಟ್ಟಿನಿಂದ್ಲೇ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೇ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಕೂಡ ಬೆಕ್ಕನ್ನ ಸಾಯಿಸಬಹುದು, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಥರದ ಗಾಢ ಎಣ್ಣೆಗಳೂ ಅದಕ್ಕೆ ಅಪಾಯ. ನಾಯಿಗೆ ಅಂತ ಮಾರೋ ಕೆಲವು ಉಣ್ಣೆ ಔಷಧಿಯಲ್ಲಿ ಪರ್ಮೆಥ್ರಿನ್ ಇರುತ್ತೆ, ಅದೂ ಬೆಕ್ಕಿಗೆ ವಿಷ. ಎರಡೂ ಒಂದೇ ಚಾಪೆ ಮೇಲೆ ಮಲಗೋ ಮನೆಯಲ್ಲಿ ನಾಯಿಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೂ ಹೋಗುತ್ತೆ ಅಂತ ನನಗೆ ಅಲ್ಲಿವರೆಗೂ ಹೊಳೆದೇ ಇರ್ಲಿಲ್ಲ.

ಗಿಡಮೂಲಿಕೆ ಅಂದ್ರೆ ಡಾಕ್ಟ್ರು ಮೂಗು ಮುರೀತಾರೆ ಅಂತ ದಯವಿಟ್ಟು ತಿಳ್ಕೋಬೇಡಿ. ಮುತ್ತುಗೆ ಮಲಬದ್ಧತೆ ಆದಾಗ ಅವರೇ ಇಸಬಗೋಲು ನೀರಲ್ಲಿ ನೆನೆಸಿ ಊಟಕ್ಕೆ ಬೆರೆಸಿ ಅಂತ ಅಳತೆ ಸಮೇತ ಬರೆದುಕೊಟ್ಟಿದ್ರು. ಲಿವರ್ ಕೆಟ್ಟ ನಾಯಿಗಳಿಗೆ ಸಿಲಿಮರಿನ್ ಬರೀತಾರೆ, ಅದೂ ಒಂದು ಮುಳ್ಳುಗಿಡದ ಬೀಜದ್ದೇ. ಅತ್ತೆಯ ತಿಳುವಳಿಕೆನೂ ಸುಳ್ಳಲ್ಲ. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚೋ ಪದ್ಧತಿನ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತೆ, ಅತ್ತೆ ಅದನ್ನ ಹೆಚ್ಚುಕಮ್ಮಿ ಹಾಗೇ ಮಾಡ್ತಿದ್ರಂತೆ. ನಾನೂರು ಕೆಜಿ ಹಸುವಿನ ಕೆಚ್ಚಲಿಗೆ ಹಚ್ಚೋ ಮದ್ದಿನ ಮೇಲಿದ್ದ ನಂಬಿಕೆ ಎಂಟು ಕೆಜಿ ನಾಯಿಯ ಹೊಟ್ಟೆವರೆಗೂ ಬಂದುಬಿಡ್ತು, ಮಧ್ಯದಲ್ಲಿ ಯಾರೂ ತಡೆದು ಕೇಳ್ಲಿಲ್ಲ. ಅತ್ತೆಗೆ ಬೇಜಾರಾಗಬಾರದು ಅಂತ ನಾನು ಇದನ್ನ ಅವರಿಗೆ ಓದಿ ಹೇಳಿಯೇ ಬರೀತಿದೀನಿ, ಬರಿ ಅಂದ್ರು.

ಉಳಿದಿದ್ದು ಬೇಗ ಹೇಳ್ತೀನಿ. ಮಾತ್ರೆನ ಊಟದ ಜೊತೆ, ಮೇಲೆ ಸ್ವಲ್ಪ ನೀರು ಕುಡಿಸಿ ಕೊಟ್ವಿ, ಗಂಟಲಲ್ಲಿ ಸಿಕ್ಕಿ ಹುಣ್ಣಾಗದ ಹಾಗೆ. ಊಟ ಅಂದ್ರೆ ಬರೀ ಅನ್ನ, ಬೇಯಿಸಿದ ಕೋಳಿ, ಕುಂಬಳಕಾಯಿ, ಒಗ್ಗರಣೆ ಇಲ್ಲ. ಎರಡನೇ ವಾರಕ್ಕೆ ಉಚ್ಚೆ ತಿಳಿಯಾಯ್ತು, ಪಿಸಿವಿ 27, ಸ್ಲೈಡಲ್ಲಿ ಗುಳ್ಳೆಗಳು ತುಂಬಾ ಕಮ್ಮಿ. 28ನೇ ದಿನ ಪಿಸಿವಿ 37, ಪ್ಲೇಟ್ಲೆಟ್ 2.3 ಲಕ್ಷ. ಉಣ್ಣೆಗೆ ಈಗ 12 ವಾರಕ್ಕೊಂದು ಸಲ ತಿನ್ನಿಸೋ ಫ್ಲುರಾಲನರ್ ಮಾತ್ರೆ. ಮನೆಗೋಡೆ ಬಿರುಕುಗಳಿಗೆ ಸಿಮೆಂಟ್ ಹಾಕಿಸಿದ್ವಿ, ಯಾಕಂದ್ರೆ ಈ ಉಣ್ಣೆ ನಾಯಿ ಮೈಮೇಲೆ ಇರೋದಕ್ಕಿಂತ ಜಾಸ್ತಿ ಹೊತ್ತು ಗೋಡೆ ಸಂದಿಯಲ್ಲೇ ಇರುತ್ತೆ, ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತೆ, ಬೆಳ್ಳುಳ್ಳಿ ವಾಸನೆ ಗೋಡೆಗೆ ಎಲ್ಲಿ ತಟ್ಟಬೇಕು.

ಎರ್ಲಿಕಿಯಾ ಕಿಟ್ ಟೆಸ್ಟ್ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಬರ್ತಾನೇ ಇರುತ್ತೆ, ಅದನ್ನ ನೋಡಿ ಗಾಬರಿಯಾಗಿ ಮತ್ತೆ ಮಾತ್ರೆ ಶುರು ಮಾಡ್ಬೇಡಿ, ರಕ್ತದ ಎಣಿಕೆ ನೋಡಿ ಅಂತ ಡಾಕ್ಟ್ರು ಹೇಳಿದಾರೆ. ಮೂರು ತಿಂಗಳಿಗೊಂದು ಸಲ ಎಣಿಕೆಗೆ ಹೋಗ್ತೀವಿ. ಹೋಗೋವಾಗ ಅತ್ತೆ ಒಂದು ಹಾಳೆಯಲ್ಲಿ ಹಿಂದಿನ ವಾರ ಚಿನ್ನು ತಿಂದಿದ್ದೆಲ್ಲ ಬರೆದು ತರ್ತಾರೆ, ಬೆಳಗ್ಗೆ ಇಷ್ಟು ಮಧ್ಯಾಹ್ನ ಇಷ್ಟು ಅಂತ. ಕಳೆದ ಸಲದ ಹಾಳೆಯಲ್ಲಿ ಅರ್ಧ ಬಿಸ್ಕೆಟ್, ಮೊಮ್ಮಗ ಬೀಳಿಸಿದ್ದು, ಅಂತಾನೂ ಇತ್ತು.